ಮೊದಲ ಸಂಬಳದ ಲಕೋಟೆ

ಮಲ್ಲವಿ
ಮಾರ್ಚ್ ೨೯, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ನರ್ಗಿಸ್ ಅಕ್ಕನಿಗೆ,

ಮಠ ಸೇರಿ ಸನ್ಯಾಸಿನಿಯಾದ ಮೇಲೆ ಈಗ ನಿನ್ನನ್ನು ತಾಸೋನಿ ಮಕ್ರೀನಾ ಎಂದು ಕರೆಯಬೇಕು, ಗೊತ್ತು. ಹೊರಗೆ ವಿಳಾಸದಲ್ಲಿ ಹಾಗೆಯೇ ಬರೆದಿದ್ದೇನೆ. ಒಳಗೆ ಮಾತ್ರ ಹಳೆಯ ಹೆಸರೇ ಇರಲಿ.

ಇವತ್ತು ಬೆಳಿಗ್ಗೆ ಅಮ್ಮ ತಲೆಗೆ ಬಟ್ಟೆ ಕಟ್ಟಿಕೊಳ್ಳುವುದನ್ನು ನೋಡಿದೆ. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಇನ್ನೊಂದನ್ನು ಎಡಗೈಯಿಂದ ಎಳೆದು ಗಂಟು ಹಾಕಿದಳು. ಬಲಗೈ ಮಡಿಲಲ್ಲಿ ಬೇರೆ ಯಾರದೋ ಕೈಯಂತೆ ಸುಮ್ಮನೆ ಬಿದ್ದಿತ್ತು. ನಾನು ಬಾಗಿಲಲ್ಲಿ ನಿಂತಿರುವುದು ಕಂಡ ಕೂಡಲೇ ನಕ್ಕು, "ಏನೇ ಹಂಗೆ ನೋಡ್ತೀಯ? ಹಲ್ಲು ಇನ್ನೂ ಗಟ್ಟಿ ಇವೆ ನಂದು" ಎಂದಳು.

ನಿನ್ನ ಪತ್ರ ಬಂದು ತಿಂಗಳ ಮೇಲಾಯಿತು. ಇಷ್ಟು ತಡವಾಗಿ ಉತ್ತರಿಸುತ್ತಿರುವುದಕ್ಕೆ ಕ್ಷಮಿಸು. ಕುಳಿತಾಗೆಲ್ಲ ಎರಡು ಸಾಲು ಬರೆದು ಹರಿದು ಹಾಕುತ್ತಿದ್ದೆ. ಮಹಾ ಉಪವಾಸ ಮುಗಿಯುವವರೆಗೆ ನಿಮ್ಮ ಮಠದ ಬಾಗಿಲು ನಮಗೆಲ್ಲ ಮುಚ್ಚಿರುತ್ತದೆ. ವಿದಾದ್ ಅತ್ತೆ ನಾಳೆ ಹಿಟ್ಟು, ಎಣ್ಣೆ ತಂದು ಗೇಟಿನಲ್ಲಿ ಇಳಿಸಿ ಹೋಗುತ್ತಾಳಂತೆ. ಅವಳ ಕೈಯಲ್ಲೇ ಇದನ್ನು ಕೊಡುತ್ತಿದ್ದೇನೆ.

ಮೊದಲು ಒಳ್ಳೆಯ ಸುದ್ದಿ. ನನಗೆ ಕೆಲಸ ಸಿಕ್ಕಿತು. ಕಾಲುವೆಯಾಚೆಯ ಖಾಸಗಿ ಶಾಲೆಯಲ್ಲಿ ಆರನೇ ತರಗತಿಗೆ ಅರಬ್ಬಿ ಪಾಠ ಮಾಡುತ್ತೇನೆ. ನನ್ನ ದನಿ ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲವೆಂದು ಹುಡುಗಿಯರು ನಗುತ್ತಾರೆ. ಒಬ್ಬಳು ಎದ್ದು ನಿಂತು, "ಮಿಸ್, ನೀವು ಪದ್ಯ ಓದ್ತಾ ಇದ್ದೀರೋ, ಪಾಪನಿವೇದನೆ ಮಾಡ್ತಾ ಇದ್ದೀರೋ?" ಎಂದು ಕೇಳಿದಳು. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ.

ಹೋದ ವಾರ ಮೊದಲ ಸಂಬಳ ಬಂತು, ಮೂರೂವರೆ ಸಾವಿರ ಪೌಂಡ್. ನಮ್ಮ ಮನೆಯಲ್ಲಿ ಮೊದಲ ಸಂಬಳ ಮನೆಯದಲ್ಲ ಎಂಬುದು ನಿನಗೆ ನೆನಪಿರಬೇಕು. ಹೊಲದ ಮೊದಲ ತೆನೆಯಂತೆ ಅದು ಇಡಿಯಾಗಿ ಕರ್ತನಿಗೆ ಹೋಗಬೇಕು. ಅಪ್ಪ ಇಸ್ತ್ರಿ ಅಂಗಡಿ ತೆರೆದಾಗ ಮೊದಲ ತಿಂಗಳ ದುಡಿಮೆಯನ್ನು ಹಾಗೆಯೇ ಕೊಟ್ಟವರು. ಮುಂದೆ ಪಕ್ಕದ ಬಣ್ಣದ ಅಂಗಡಿ ಸುಟ್ಟು ಬೂದಿಯಾದ ದಿನ ಅಪ್ಪನ ಬಾಗಿಲು ಕಪ್ಪು ಕೂಡ ಆಗಲಿಲ್ಲ. ಅಂದಿನಿಂದ ಈ ವಿಷಯದಲ್ಲಿ ಅವರ ಹತ್ತಿರ ಯಾರೂ ಎದುರು ಮಾತಾಡುವಂತಿಲ್ಲ.

ಈ ಸಲ ಅವರ ಸಂಭ್ರಮ ನೋಡಬೇಕಿತ್ತು. ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡಿದ್ದಾರೆ. ನಾನು ಊಟ ಕೊಡಲು ಹೋದಾಗ ಔಷಧಿ ಅಂಗಡಿಯ ಕಮಾಲ್ ಮಾಮ ಅಲ್ಲೇ ಕೂತು ಕಾಲೆಳೆಯುತ್ತಿದ್ದ. "ಉಸ್ತಾ ಬೂಲುಸ್, ಮಗಳು ಸಂಬಳ ತಂದಳಂತೆ. ಇನ್ನಾದ್ರೂ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಕಾಲು ಚಾಚಿ ಕೂತ್ಕೊಳ್ಳಪ್ಪ."

ಅಪ್ಪ ತಲೆ ಎತ್ತದೆ, "ಮೊದಲನೇದು ನಮ್ಮದಲ್ಲ ಮಾರಾಯ. ಎರಡನೇದು ಬರಲಿ, ಆಗ ಕಾಲು ಚಾಚೋಣ. ಅಷ್ಟರಲ್ಲಿ ನೀನು ನಿನ್ನ ಆರು ಅಂಗಿ ಬಾಕಿ ತೀರಿಸು" ಎಂದರು. ಉಗಿಯ ನಡುವೆ ಅವರ ಮುಖ ಹೊಳೆಯುತ್ತಿತ್ತು. ಆ ಮುಖವನ್ನು ನೋಡಿದ ಮೇಲೆ ನನಗೆ ಇನ್ನೂ ಕಷ್ಟವಾಯಿತು. ಏಕೆಂದರೆ ಆ ಹೊತ್ತಿಗೆ ನನಗೆ ಅಮ್ಮನ ವಿಷಯ ತಿಳಿದಿತ್ತು, ಅಪ್ಪನಿಗೆ ತಿಳಿದಿರಲಿಲ್ಲ. ಈಗಲೂ ಅವರಿಗೆ ತಿಳಿಯದು.

ತಿಳಿದದ್ದು ಹೀಗೆ. ಸಂಬಳ ಬಂದ ದಿನ ನಾನು ಮನೆಗೆ ಓಡಿ ಬಂದೆ. ಅಮ್ಮ ಮಾಳಿಗೆಯ ಮೇಲೆ ರೊಟ್ಟಿಯ ಹಿಟ್ಟನ್ನು ಬಿಸಿಲಿಗೆ ಉಬ್ಬಲು ಇಡುತ್ತಿದ್ದಳು. ಹಿಂದಿನಿಂದ ಹೋಗಿ ಬಿಗಿಯಾಗಿ ತಬ್ಬಿಕೊಂಡೆ. ಅವಳ ಬಾಯಿಂದ ಬಂದ ಸದ್ದು ನಾನು ಎಂದೂ ಕೇಳದ್ದು. ಮುಖ ಬಿಳಿಚಿಕೊಂಡು ಹಿಟ್ಟಿನ ಹಲಗೆಗೆ ಒರಗಿದಳು. ನಾನು ಬಿಡಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಬಹಳ ಹೊತ್ತಿನ ಮೇಲೆ ಅಂಗಿ ಸರಿಸಿ ತೋರಿಸಿದಳು. ಬಲಗಡೆ ಎದೆಯಲ್ಲಿ ಕಲ್ಲಿನಂಥ ಗಡ್ಡೆ. ಚರ್ಮ ಒಳಗೆ ಎಳೆದುಕೊಂಡಿದೆ. ಕಂಕುಳಲ್ಲೂ ಇದೆ. ಈ ಚಳಿಗಾಲದಲ್ಲಿ ಕಾಣಿಸಿತು, ಹೋಗುತ್ತದೆ ಅಂದುಕೊಂಡಿದ್ದೆ ಎಂದಳು. ನಡುವೆ ಎರಡು ಸಲ "ಎಲ್ಲ ಸ್ಥಿತಿಯಲ್ಲೂ ಕರ್ತನಿಗೆ ಸ್ತೋತ್ರ" ಅಂದಳು, ನಾವು ಪ್ರಾರ್ಥನೆಯ ಶುರುವಿನಲ್ಲಿ ಹೇಳುತ್ತೇವಲ್ಲ, ಹಾಗೆ.

ಮಾರನೆಯ ದಿನ ಚರ್ಚಿನ ದವಾಖಾನೆಯ ಡಾಕ್ಟರಮ್ಮನಿಗೆ ತೋರಿಸಿದೆ. ಅವರು ಅಮ್ಮನನ್ನು ಹೊರಗೆ ಕೂರಿಸಿ, ತುಣುಕು ತೆಗೆದು ಪರೀಕ್ಷೆ ಮಾಡಿಸಬೇಕು, ಸ್ಕ್ಯಾನ್ ತೆಗೆಸಬೇಕು, ಅದಕ್ಕೆ ದೊಡ್ಡ ಊರು ಮಿನ್ಯಾಕ್ಕೇ ಹೋಗಬೇಕು ಎಂದರು. ಸರ್ಕಾರಿ ಆಸ್ಪತ್ರೆಯ ಸರದಿ ಪುನರುತ್ಥಾನದ ಹಬ್ಬ ದಾಟಿ ಎಲ್ಲೋ ಇದೆಯಂತೆ. ತಾವೇ ಫೋನು ಮಾಡಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾಳೆ ಶನಿವಾರಕ್ಕೆ ಹೆಸರು ಬರೆಸಿದರು. ಖರ್ಚು ಕೇಳಿದೆ. ನನ್ನ ಸಂಬಳದಲ್ಲಿ ಬಸ್ಸಿನ ಕಾಸು ಮಾತ್ರ ಉಳಿಯುತ್ತದೆ. ಏಳುವಾಗ ಅವರು ಮೆಲ್ಲಗೆ, "ಇದು ಈ ಚಳಿಗಾಲದ್ದಲ್ಲ ಮಗಳೇ. ಆಸೆ ಇಟ್ಕೋ, ಆದ್ರೆ ಜಾಸ್ತಿ ಇಟ್ಕೋಬೇಡ" ಎಂದರು.

ದಾರಿಯಲ್ಲಿ ಅಮ್ಮ ಒಂದೇ ಮಾತು ಹಿಡಿದಳು. ಮೊದಲನೆಯದು ಕರ್ತನದು, ಮುಂದಿನ ತಿಂಗಳ ಸಂಬಳ ಬಂದ ಮೇಲೆ ಮಿನ್ಯಾಕ್ಕೆ ಹೋಗೋಣ. ಅಪ್ಪನಿಗೆ ಹೇಳುತ್ತೇನೆ ಎಂದೆ. ಅವಳು ನಡುರಸ್ತೆಯಲ್ಲಿ ನಿಂತುಬಿಟ್ಟಳು. "ಹೇಳಿದ್ರೆ ಸಂಜೆಯೊಳಗೆ ಅಂಗಡಿ ಮಾರಿ ಬರ್ತಾರೆ. ಆಮೇಲೆ ಏನು ತಿಂತೀರ? ಅವರು ಏನಾಗ್ತಾರೆ?" ತನ್ನ ಮಣಿಕಟ್ಟಿನ ಹಚ್ಚೆಯ ಶಿಲುಬೆಯ ಮೇಲೆ ನನ್ನ ಕೈ ಇಡಿಸಿ ಆಣೆ ಹಾಕಿಸಿದಳು. ಅಪ್ಪನಿಗೆ ಹೇಳಕೂಡದು, ಅತ್ತೆಗೆ ಹೇಳಕೂಡದು, ನಿನಗೂ ಹೇಳಕೂಡದು. ಬಳೆಗಳು ನನ್ನ ಓದಿಗೆ ಆಗಲೇ ಹೋಗಿವೆ, ಮಾರಲು ಏನೂ ಇಲ್ಲ. ಶಾಲೆಯಲ್ಲಿ ಮುಂಗಡ ಕೇಳಿದೆ. ಹೊಸಬರಿಗೆ ಕೊಡುವ ಪದ್ಧತಿ ಇಲ್ಲವೆಂದರು.

ದವಾಖಾನೆಗೆ ಹೋದ ದಿನ ಸಂಜೆಯೇ ಅಮ್ಮ ಹೊಸ ಲಕೋಟೆ ಕೊಂಡು ತಂದಳು. ಚರ್ಚಿನ ಹೆಂಗಸರ ತರಗತಿಯಲ್ಲಿ ಕಲಿತ ದಪ್ಪ ಅಕ್ಷರದಲ್ಲಿ ಅವಳೇ ಬರೆದಳು: ಕರ್ತನಿಗೆ, ರಿಫ್ಕಾಳ ಮೊದಲ ಫಲ. ಬರೆದು ದೂರ ಹಿಡಿದು ನೋಡಿದಳು. ಅಕ್ಕಾ, ಅವಳು ಸಂತೋಷವಾಗಿದ್ದಳು. ನಟನೆಯಲ್ಲ. ನನಗೆ ಕೋಪ ಮಾಡಿಕೊಳ್ಳಲೂ ಆಗದಂತೆ ಸಂತೋಷವಾಗಿದ್ದಳು.

ಮಂಗಳವಾರ ಪ್ರಾರ್ಥನೆ ಮುಗಿದ ಮೇಲೆ ಅಬೂನಾ ಯೊಸ್ತೋಸ್ ಅವರ ಹತ್ತಿರ ಹೋದೆ. ನನ್ನಂಥವಳಿಗೆ ಪಾದ್ರಿಯವರನ್ನು ತಡೆದು ನಿಲ್ಲಿಸುವುದು ಎಷ್ಟು ಕಷ್ಟ ಎಂದು ನಿನಗೆ ಗೊತ್ತು. ಹೆಸರು ಹೇಳದೆ ಕೇಳಿದೆ: ಮನೆಯಲ್ಲಿ ಕಾಯಿಲೆಯಿದ್ದರೆ ಮೊದಲ ಸಂಬಳವನ್ನು ಅದಕ್ಕೆ ಬಳಸಬಹುದೇ? ಅವರ ಸುತ್ತ ಇನ್ನೂ ನಾಲ್ಕು ಜನ ಕಾದಿದ್ದರು. ಅವರು ಒಳ್ಳೆಯವರು, ಸಿಡುಕಲಿಲ್ಲ. "ಹಾಕಿಬಿಡು ಮಗಳೇ, ಕೊಡೋವಾಗ ಅಳೆದು ನೋಡಬಾರದು. ಆಮೇಲೆ ಆ ಮನೆಯವರು ಬಂದು ಕೇಳಲಿ. ಆ ಕಾಣಿಕೆ ಪೆಟ್ಟಿಗೆ ಇರೋದೇ ಕರ್ತನ ಸಹೋದರರಿಗಾಗಿ." ನಮ್ಮಲ್ಲಿ ಬಡವರನ್ನು ಹಾಗೆ ಕರೆಯುವುದು ಎಷ್ಟು ಚಂದ ಎಂದು ಚಿಕ್ಕಂದಿನಿಂದ ಅಂದುಕೊಂಡಿದ್ದೆ. ಹೊರಗೆ ಆ ಪೆಟ್ಟಿಗೆಯ ಹಣ ಹಂಚುವ ಚರ್ಚಿನ ಸೇವಕರನ್ನು ವಿಚಾರಿಸಿದೆ. ಅರ್ಜಿ ಹಾಕಬೇಕು, ಇಬ್ಬರು ಮನೆಗೆ ಬಂದು ನೋಡುತ್ತಾರೆ, ಗಂಡನ ದುಡಿಮೆ ಕೇಳುತ್ತಾರೆ, ಸಮಿತಿ ಹಬ್ಬದ ನಂತರ ಸೇರುತ್ತದೆ.

ಅಮ್ಮನಿಗೆ ಇದನ್ನು ಹೇಳಿದ್ದೇ ತಪ್ಪಾಯಿತು. ಅವಳು ಅಷ್ಟು ಕಠಿಣವಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. "ಇಪ್ಪತ್ತು ವರ್ಷದಿಂದ ಕರ್ತನ ಸಹೋದರರ ಚೀಲಕ್ಕೆ ಅಕ್ಕಿ ಬೇಳೆ ತುಂಬಿಸಿದ ಕೈ ಇದು. ಈಗ ನಮ್ಮ ಬಾಗಿಲಿಗೆ ಆ ಚೀಲ ಬರಬೇಕಾ? ಅದಕ್ಕಿಂತ ಸಾಯೋದು ವಾಸಿ."

ಅಂದಿನಿಂದ ಯೋಚಿಸುತ್ತಿದ್ದೇನೆ. ಎರಡು ಕಾಸು ಹಾಕಿದ ವಿಧವೆಯ ಕಥೆಯನ್ನು ಎಷ್ಟು ಸಲ ಕೇಳಿದ್ದೇವೆ. ಇದ್ದದ್ದನ್ನೆಲ್ಲ ಹಾಕಿದಳು ಎಂದು ಎಲ್ಲರೂ ಹೊಗಳುತ್ತಾರೆ. ಅವಳು ಮನೆಗೆ ಹೋಗಿ ಆ ಸಂಜೆ ಏನು ತಿಂದಳು ಎಂದು ಯಾರೂ ಕೇಳಿದ್ದನ್ನು ನಾನು ಕಾಣೆ. ಕರ್ತನು ಅವಳನ್ನು ನೋಡಿದನು. ನೋಡಿದವನು ಅವಳ ಹಸಿವನ್ನೂ ನೋಡಿರಬೇಕಲ್ಲವೇ? ದೇವರಿಗೆ ಮೀಸಲು ಎಂದು ಹೇಳಿ ಹೆತ್ತವರನ್ನು ಕೈಬಿಟ್ಟವರ ಮೇಲೆ ಅವನು ಸಿಟ್ಟಾದದ್ದೂ ಸುವಾರ್ತೆಯಲ್ಲಿದೆ. ಆ ಭಾಗವನ್ನು ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಓದಿದ ನೆನಪಿಲ್ಲ.

ಅಮ್ಮನ ತೃಪ್ತಿಯನ್ನು ನಾನು ಸಣ್ಣದು ಮಾಡುತ್ತಿಲ್ಲ. ಹುರುಳಿಲ್ಲದ ತೃಪ್ತಿಯಾಗಿದ್ದರೆ ಮುರಿಯುವುದು ಸುಲಭವಿತ್ತು. ಉಪ್ಪು, ಈರುಳ್ಳಿ, ಬೇಯಿಸಿದ ಅವರೆ ಇದ್ದರೆ ಅದೇ ಹಬ್ಬ ಎನ್ನುವವಳು, ಹಾಗೆಂದು ನಂಬಿದವಳು. ಕೊಡುವುದು ಅವಳಿಗೆ ಚೆನ್ನಾಗಿ ಗೊತ್ತು. ತೆಗೆದುಕೊಳ್ಳುವುದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ನಾವೂ ಕಲಿಸಲಿಲ್ಲ, ಅವಳು ಕೊಟ್ಟದ್ದನ್ನೆಲ್ಲ ತೆಗೆದುಕೊಂಡೆವು.

ನಾಳೆ ಶನಿವಾರ, ಆಸ್ಪತ್ರೆಯ ಸರದಿ. ನಾಡಿದ್ದು ಭಾನುವಾರ, ಅಪ್ಪ ನನ್ನ ಪಕ್ಕ ನಿಂತು ಲಕೋಟೆ ಹಾಕಿಸುತ್ತಾರೆ. ದುಡ್ಡು ಒಂದೇ. ಆಣೆ ಮುರಿದು ನಿನಗೆ ಬರೆದಿದ್ದೇನೆ. ಏನು ಮಾಡಲಿ ಎಂದು ಕೇಳಲಲ್ಲ, ನಿನ್ನ ಉತ್ತರ ಬರುವಷ್ಟು ಸಮಯ ಇಲ್ಲ. ಯಾರಾದರೊಬ್ಬರು ನನ್ನ ಜೊತೆ ತಿಳಿದಿರಲಿ ಎಂದಷ್ಟೇ.

ಕರ್ತನ ಕೃಪೆ ನಿನ್ನ ಕೋಣೆಯ ಮೇಲಿರಲಿ, ಉಪವಾಸ ನಿನ್ನ ಮೈಗೆ ಭಾರವಾಗದಿರಲಿ. ಅಮ್ಮನ ಹೆಸರನ್ನು, ಇನ್ಸಾಫ್ ಎಂದು, ದಿನವೂ ಪ್ರಾರ್ಥನೆಯಲ್ಲಿ ಹೇಳು.

ನಿನ್ನ ತಂಗಿ,
ರಿಫ್ಕಾ

ಮತ್ತೆ: ಸಹಿ ಹಾಕಿ ಮಡಿಸುವಷ್ಟರಲ್ಲಿ ಅಮ್ಮ ಬಂದು ಪಕ್ಕದಲ್ಲಿ ಕೂತಳು. "ಅಕ್ಕನಿಗಾ? ನಾನು ಚೆನ್ನಾಗಿದೀನಿ ಅಂತ ಬರಿ" ಎಂದಳು. ಡಾಕ್ಟರಮ್ಮ ಹೇಳಿದ್ದನ್ನು ನಾನು ಅಲ್ಲಿಯವರೆಗೆ ಬಾಯಿಬಿಟ್ಟಿರಲಿಲ್ಲ. ಈಗ ಕೇಳಿದೆ, ಇದು ಯಾವಾಗಿನದು ಎಂದು. ಅವಳು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಅವಳು ಮಠಕ್ಕೆ ಹೊರಡೋ ವಾರ ಕಣೇ. ಸ್ನಾನ ಮಾಡೋವಾಗ ಕೈಗೆ ಸಿಕ್ತು, ಕಡಲೆಕಾಳಿನಷ್ಟು. ಹೇಳಿದ್ರೆ ನರ್ಗಿಸ್ ಪೆಟ್ಟಿಗೆ ಬಿಚ್ಚಿಬಿಡ್ತಿದ್ಲು. ಅವಳು ನನ್ನ ಮೊದಲ ಫಲ. ಕರ್ತನಿಗೆ ಅಂತ ಇಟ್ಟಿದ್ದನ್ನ ನಾನು ಹೆಂಗೆ ವಾಪಸ್ ಇಟ್ಕೊಳ್ಳಲಿ?"

ಎರಡು ವರ್ಷ, ಅಕ್ಕ. ಅದನ್ನು ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆಯೂ ಇರಲಿಲ್ಲ, ದುಃಖವೂ ಇರಲಿಲ್ಲ. ನಿನ್ನ ಎದೆಯ ಮೇಲೆ ಕಲ್ಲು ಹೇರಬೇಕೆಂದು ಬರೆಯುತ್ತಿಲ್ಲ. ನೀನು ಕೇಳಿರಲಿಲ್ಲ, ನಿನಗೆ ಗೊತ್ತೂ ಇರಲಿಲ್ಲ. ಆದರೆ ನಮ್ಮ ಮನೆಯಿಂದ ಒಂದು ಮೊದಲ ಫಲ ಹೋಗಿಯಾಗಿದೆ, ಅದರ ಬೆಲೆಯನ್ನು ಅವಳೊಬ್ಬಳೇ ತೆತ್ತಿದ್ದಾಳೆ. ಎರಡನೆಯದು ಹೋಗುವುದಿಲ್ಲ.

ಅವಳು ಎದ್ದು ಹೋಗುವ ಮೊದಲೇ ಹೇಳಿಬಿಟ್ಟೆ: ಶಾಲೆಯವರು ಮುಂದಿನ ತಿಂಗಳ ಸಂಬಳವನ್ನು ಮುಂಗಡ ಕೊಡಲು ಒಪ್ಪಿದರು, ನಾಳೆ ಬೆಳಗಿನ ಬಸ್ಸಿಗೆ ಹೊರಡೋಣ. ಮುಖ ನೋಡಿ ಅವಳಿಗೆ ಸುಳ್ಳು ಹೇಳಿದ್ದು ಇದೇ ಮೊದಲು. ಅವಳು ನಂಬಿದಳು, ಕರ್ತನಿಗೆ ಸ್ತೋತ್ರ ಹೇಳಿ ಅಪ್ಪನ ಊಟಕ್ಕೆ ಒಲೆ ಹಚ್ಚಲು ಹೋದಳು. ಭಾನುವಾರ ಅವಳ ಅಕ್ಷರವಿರುವ ಲಕೋಟೆಯನ್ನು ಅವರಿಬ್ಬರ ಕಣ್ಣೆದುರು ನಾನೇ ಪೆಟ್ಟಿಗೆಗೆ ಹಾಕುತ್ತೇನೆ. ಶಾಲೆಯ ಹಾಳೆಗಳನ್ನು ನೋಟಿನ ಅಳತೆಗೆ ಕತ್ತರಿಸಿ ಒಳಗೆ ಇಟ್ಟು ಅಂಟಿಸಿಯಾಗಿದೆ.