ಸುರುಳಿ ಕೊಯ್ದ ಅಕ್ಷರ

ಮಾರ್ಚ್ ೧೧, ಮಂಗಳವಾರ

ತುಟಿ ಇನ್ನೂ ಉರಿಯುತ್ತಿದೆ. ಹೊಡೆದದ್ದು ಸೀನಿಯರ್‌ಗಳಲ್ಲ, ನನ್ನ ರೂಮ್‌ಮೇಟ್.

ಮೊನ್ನೆ ಸೀನಿಯರ್‌ಗಳು ಅವನ ಮುಖವನ್ನು ಬಾತ್‌ರೂಮಿನ ಗೋಡೆಗೆ ಅಪ್ಪಳಿಸಿ ಮುಂದಿನ ಹಲ್ಲು ಮುರಿದರು. ನಾಳೆ ಪ್ರಿನ್ಸಿಪಾಲರ ಬಾಗಿಲಿಗೆ ಅಂಟಿಸಲು ಅವನಿಗೆ ಪೋಸ್ಟರ್ ಬೇಕಿತ್ತು. ‘ಹೊಡೆದವರನ್ನು ಹೊರಗೆ ಹಾಕಿ’, ಅಷ್ಟೇ ಮಾತು. ಡಿಸೈನ್ ಓದುವವನು ನಾನು ತಾನೇ, ನನಗೇ ಒಪ್ಪಿಸಿದ. ನಾನು ನನ್ನ ಫೇವರಿಟ್ ಸೆರಿಫ್ ಫಾಂಟ್ ಹಾಕಿದೆ. ಹಳೇ ಕಾಲದ ಶೈಲಿ, ಅಕ್ಷರಗಳಿಗೆ ದಪ್ಪ ಕಾಲು, ಚೂಪು ಪಾದ, ತುದಿತುದಿಗೂ ಬಳ್ಳಿಯಂಥ ಸುರುಳಿ. ಸೆಂಟಿನ ಬಾಟಲಿಗೆ, ಚಹಾ ಡಬ್ಬಿಗೆ ಹೇಳಿ ಮಾಡಿಸಿದ್ದು. ಭಯವಾದಾಗ ನಾನು ಎಲ್ಲವನ್ನೂ ಚೆಂದ ಮಾಡಲು ಕೂರುತ್ತೇನೆ. ಚಿಕ್ಕಂದಿನ ಹಾಸ್ಟೆಲ್ ಕಲಿಸಿದ್ದು ಅದನ್ನೇ.

“ಇದೇನು ಪೋಸ್ಟರೋ, ನನ್ನ ಹಲ್ಲಿನ ಮದುವೆ ಕಾರ್ಡೋ?” ಅಂದ.

“ಕ್ಲಾಸಿಕ್ ಕಣೋ, ದೊಡ್ಡದಾಗಿ ಹಾಕಿದ್ರೆ ಎದ್ದು ಕಾಣತ್ತೆ,” ಅಂದೆ ಪೆದ್ದನ ಹಾಗೆ. ಮುಷ್ಟಿ ಬಂದದ್ದೇ ಗೊತ್ತಾಗಲಿಲ್ಲ.

ವಾಪಸ್ ಹೊಡೆಯಬೇಕು ಅನ್ನಿಸಿತು, ಹೊಡೆಯಲಿಲ್ಲ. ಬ್ಲೇಡ್ ತಗೊಂಡು ಪ್ರಿಂಟಿನ ಒಂದೊಂದೇ ಕೆಂಪು ಅಕ್ಷರ ಕತ್ತರಿಸಿ, ಸುರುಳಿಗಳನ್ನೆಲ್ಲ ಕೊಯ್ದು ಬಿಸಾಕಿ, ಕಪ್ಪು ಹಾಳೆಗೆ ಅಂಟಿಸಿದೆ. ಕೊಯ್ಯುವಾಗ ಪ್ರತಿ ಸುರುಳಿಯೂ ಆ ಸೀನಿಯರ್‌ಗಳ ಬೆರಳು ಅಂದುಕೊಂಡೆ. ಹಿತವಾಗಿತ್ತು, ನನ್ನನ್ನು ಹೆದರಿಸಿದ್ದು ಅದೇ. ಉಳಿದದ್ದು ದಪ್ಪ ಕಾಲು, ಚೂಪು ಪಾದ. ಅದೇ ಫಾಂಟು, ಸಾಲುಸಾಲು ಚಾಕು ನಿಲ್ಲಿಸಿದ ಹಾಗೆ.

ಅವನು ಹಾಳೆ ಎತ್ತಿ ದೀಪಕ್ಕೆ ಹಿಡಿದ. “ಈಗ ಕಚ್ಚತ್ತೆ,” ಅಂದ, ಮುರಿದ ಹಲ್ಲಿನ ಸಂದಿಯಿಂದ. “ಅಂಟಿಸೋರು ಯಾರು?”

“ನಾನೇ,” ಅಂದುಬಿಟ್ಟೆ.

ಅವನು ಮಲಗಿದ್ದಾನೆ. ನೆಲದ ತುಂಬ ಸುರುಳಿಗಳು, ಇನ್ನೂ ಗುಡಿಸಿಲ್ಲ. ನಾಳೆ ಆ ಬಾಗಿಲ ಮುಂದೆ ಆ ಸೀನಿಯರ್‌ಗಳು ಮೊದಲೇ ಬಂದು ನಿಂತಿದ್ದರೆ ಏನು ಮಾಡಲಿ?