ಶ್ರಾವಣ ಮುಗಿದ ಮೇಲೂ

ವಿಜಯನಗರ

ಉಲ್ಲಾಳದ ಮಾವನಿಗೆ ನಮಸ್ಕಾರ.

ನನ್ನ ತಮ್ಮ ಜೀವನ್ ಮನೆಯ ಫೋನುಗಳನ್ನೆಲ್ಲ ಸಂಪಿನ ನೀರಿಗೆ ಹಾಕಿದ್ದಾನೆ. ಅದಕ್ಕೇ ಪಕ್ಕದ ಮನೆಯವರ ಕೈಲಿ ಈ ಕಾಗದ.

ಶ್ರಾವಣ ಮುಗಿದರೂ ಅವನು ಉಪವಾಸ ಬಿಡದಿದ್ದಾಗ ಅಮ್ಮ ಹೆಮ್ಮೆಯಿಂದ ತಿಮ್ಮಪ್ಪನಿಗೆ ದೀಪ ಹಚ್ಚಿದಳು. ಒಬ್ಬನೇ ಮಾತಾಡುವುದನ್ನೂ ಜಪ ಅಂದಳು. ನಾನೂ ನಂಬಿದ್ದೆ.

ಇವತ್ತು ನನ್ನ ತಟ್ಟೆ ಕಿತ್ತುಕೊಂಡ.

"ತಿನ್ಬೇಡ ಕಣಕ್ಕಾ, ಸಾರಿಗೆ ವಿಷ ಹಾಕವ್ರೆ."

"ಯಾರೋ ಹೇಳಿದ್ದು?"

"ಉಲ್ಲಾಳದ ಮಾವ. ಗೋಡೆ ಒಳಗಿಂದ ಹೇಳ್ತಾನೇ ಇದಾರೆ, ನಿಂಗೆ ಕೇಳಿಸ್ತಿಲ್ವಾ?"

ಮಾವ, ಇದು ಕಾಯಿಲೆ. ಪೂಜಾರಿಯನ್ನು ಕರೆತರಬೇಡಿ, ಕಾರು ತನ್ನಿ. ಮಾನಸಿಕ ಆಸ್ಪತ್ರೆಗೆ ಹೋಗೋಣ. ಬಾಗಿಲಲ್ಲಿ ನಿಂತು ಮೆಲ್ಲಗೆ "ಬಾರೋ" ಅನ್ನಿ. ಗೋಡೆಯೊಳಗಿನ ಮಾವನ ಮಾತು ಕೇಳುತ್ತಾನೋ, ನಿಮ್ಮ ಮಾತು ಕೇಳುತ್ತಾನೋ, ನನಗೆ ಭಯವಾಗುತ್ತಿದೆ.

ನಿಮ್ಮ ಅಕ್ಕನ ಮಗಳು,
ಸ್ಪಂದನ