ಮಣಿಪ್ರಭೆಗೆ ಎಷ್ಟು ಬೆರಳು?

ತೀರ್ಥರೂಪ ಅಪ್ಪನಿಗೆ,

ಕೆರೂರಿನಿಂದ ನಿನ್ನ ಮಗಳು ಗೌರವ್ವ ಬರೆಯುವುದು. ನಾನೂ ಅವ್ವನೂ ಕ್ಷೇಮ. ನಿನ್ನ ಕ್ಷೇಮ ಕೇಳುವುದು ಹೇಗೆಂದು ತಿಳಿಯದು, ಹಾಗಾಗಿ ಅದನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ನೀನು ಹೋಗಿ ಎರಡು ವರ್ಷವಾಯಿತು. ಅವತ್ತು ಅರ್ಧಕ್ಕೆ ನಿಂತ ನಮ್ಮ ವಾದ ಈ ವರ್ಷ ಸುಗ್ಗಿ ಮುಗಿದ ಮೇಲೆ ಮುಗಿಯಿತು. ಯಾರು ಗೆದ್ದರು ಅಂತ ಈಗಲೇ ಹೇಳುವುದಿಲ್ಲ. ನೀನಾದರೂ ನನಗೆ ಯಾವ ಆಟದ ಕೊನೆಯನ್ನು ಮೊದಲೇ ಹೇಳಿದ್ದೆ?

ನಾನು ಏಳನೆಯ ಇಯತ್ತೆಯ ಪರೀಕ್ಷೆ ಮುಗಿಸಿ ಬಂದ ದಿನ ನೆನಪಿದೆಯಾ? ಪಾಟಿಚೀಲ ಕೆಳಗಿಡುವ ಮೊದಲೇ ನನ್ನ ಕೈಗೆ ಅಂಟಿನ ಬಟ್ಟಲು ಕೊಟ್ಟು, ದೊಡ್ಡಾಟದ ಕಿರೀಟಕ್ಕೆ ಕನ್ನಡಿ ಚೂರು ಹಚ್ಚಲು ಕೂಡಿಸಿದೆ. ನಮ್ಮ ಪಡಸಾಲೆಯ ಗೋಡೆಯ ತುಂಬ ನೀನು ಎಳೆದ ಗೆರೆಗಳಿದ್ದವು. ಇವು ಯಾತಕ್ಕೆ ಅಂತ ನಾನು ಕೇಳಿದೆ. ಸಾದಾ ಕಿರೀಟ ಎಂಟು ಬೆರಳು ಎತ್ತರ, ಆಮೇಲೆ ಕಥೆಯ ಪಾತ್ರ ಯಾರ ನೆರವೂ ಇಲ್ಲದೆ ತಾನೊಬ್ಬನೇ ಮಾಡಿದ ಒಂದೊಂದು ಸಾಹಸಕ್ಕೆ ಎರಡೆರಡು ಬೆರಳು ಏರಿಸುತ್ತೇನೆ ಅಂತ ನೀನು ಅಂದೆ. ಬೇರೆ ಊರಿನವರು ಪಾತ್ರಧಾರಿಯ ತಲೆ ಅಳೆದು ಕಿರೀಟ ಮಾಡಿದರೆ ನೀನು ಪಾತ್ರದ ಯೋಗ್ಯತೆ ಅಳೆದು ಮಾಡುತ್ತಿದ್ದೆ. ಅದಕ್ಕೇ ಹುನಗುಂದದ ಮಾಸ್ತರರು ತಾವೇ ಹೊಸದಾಗಿ ಕಟ್ಟಿದ ಆಟದ ಕಿರೀಟಗಳನ್ನು ಮಾಡಿಸಲು ನಿನ್ನ ಹತ್ತಿರ ಬಂದಿದ್ದರು.

ಆ ಆಟದ ಕಥೆಯನ್ನು ಮಾಸ್ತರರು ನಮ್ಮ ಕಟ್ಟೆಯ ಮೇಲೆ ಕೂತು ಮೊದಲ ಸಲ ಹೇಳಿದಾಗ ನಾನು ಅಂಟು ಕಲಸುವುದನ್ನೇ ಮರೆತಿದ್ದೆ. ಗುಡ್ಡಗಳನ್ನೇ ಅಲ್ಲಾಡಿಸುವ ಗಿರಿಕಂಪಾಸುರ ಎಂಬ ರಾಕ್ಷಸ. ಅವನಿಗೊಂದು ವರ, ಅವನ ಕೋಟೆಯೊಳಗೆ ಅವನಿಗೆ ಹೆದರುವವರು ಒಬ್ಬರಾದರೂ ಇರುವತನಕ ಅವನ ಬಲ ಕುಂದುವುದಿಲ್ಲ, ಸಾವೂ ಬರುವುದಿಲ್ಲ. ಹೀಗಾಗಿ ಅವನು ಊರೂರಿನ ಜನರನ್ನು ಸೆರೆ ತಂದು ಕೋಟೆ ತುಂಬಿದ. ಹಾಗೆ ಸೆರೆಯಾದವಳು ಮಣಿಪ್ರಭೆ. ಅವಳು ಹನ್ನೆರಡು ವರ್ಷ ಅಲ್ಲೇ ಇದ್ದು, ಸೆರೆಯಲ್ಲಿದ್ದವರ ಹೆದರಿಕೆಯನ್ನು ಒಬ್ಬೊಬ್ಬರಾಗಿ ಬಿಡಿಸಿದಳು. ಕೊನೆಯ ಮುದುಕನೊಬ್ಬ ಹೆದರುವುದನ್ನು ಬಿಟ್ಟ ದಿನ ವಿಜಯಧ್ವಜ ಎಂಬ ರಾಜನ ಬಾಣ ರಾಕ್ಷಸನ ಎದೆಗೆ ನಾಟಿತು. ಹಾಗಾದರೆ ಇವರಲ್ಲಿ ದೊಡ್ಡವರು ಯಾರು?

ಪ್ರತಿ ಸಂತೆಯ ದಿನ ಆಟದವರೆಲ್ಲ ಕಾಳುಕಡಿ ತಗೊಂಡು ನಮ್ಮ ಕಟ್ಟೆಗೆ ಬಂದು ಕೂತು ಇದನ್ನೇ ಜಗಳಾಡುತ್ತಿದ್ದರಲ್ಲ, ಅವ್ವ ಚಹಾ ಸೋಸಿ ಸೋಸಿ ಸಾಕಾಗುತ್ತಿದ್ದಳು. ನೀನು ರಾಕ್ಷಸನಿಗೆ ಇಪ್ಪತ್ತೆರಡು ಬೆರಳು ಹಾಕಿದ್ದೆ, ರಾಜನಿಗೆ ಹದಿನೆಂಟು. ರಾಜನ ಪಾತ್ರ ಹುನಗುಂದದ ಸಾಹುಕಾರರ ಮಗನದು. ಅವನು ಒಂದು ದಿನ ಮುಖ ಊದಿಸಿಕೊಂಡು ಬಂದ.

“ಏನ್ರಿ ಮೇಸ್ತ್ರಿ, ಗೆದ್ದಾಂವನ ಕಿರೀಟ ಸಣ್ಣದು, ಸತ್ತಾಂವನ ಕಿರೀಟ ದೊಡ್ಡದು. ಇದ್ಯಾವ ನ್ಯಾಯರಿ?”

ನೀನು ಉಳಿಯನ್ನು ಕೆಳಗಿಡದೆ ಕೇಳಿದೆ, “ಆಟದ ಹೆಸರು ಏನೈತಿ ಹೇಳ್ರಿ?”

“ಗಿರಿಕಂಪಾಸುರನ ವಧೆ.”

“ಸತ್ತಾಂವನ ಹೆಸರಿನ ಮ್ಯಾಲೆ ಆಟ ಐತಿ. ಕೊಂದಾಂವನ ಹೆಸರು ಎಲ್ಲಿ ಐತಿ, ಹುಡಕ್ರಿ ನೋಡೂನು.”

ಅವನು ಬೇರೆ ಕಡೆ ಮಾಡಿಸುತ್ತೇನೆ ಅಂತ ಹೆದರಿಸಿದ. ಮಾಡಿಸ್ಕೋರಿ ಅಂದು ನೀನು ಮಿರಿಮಿರಿ ಮಿಂಚುವ ಬೇಗಡೆ ಕಾಗದ ಕತ್ತರಿಸುತ್ತ ಕೂತೆ. ಎರಡು ವಾರದ ಮೇಲೆ ಅವನೇ ಬಂದು ಹದಿನೆಂಟು ಬೆರಳಿನದನ್ನೇ ತಗೊಂಡು ಹೋದ. ನಿನ್ನ ಆ ಹಟ ನನಗೆ ಎಷ್ಟು ಸೇರುತ್ತಿತ್ತೆಂದರೆ, ಅದು ನನ್ನ ಮೇಲೇ ತಿರುಗಬಹುದು ಅಂತ ಅನ್ನಿಸಿರಲೇ ಇಲ್ಲ.

ತಿರುಗಿದ್ದು ಮುಂದಿನ ಸಂತೆಯ ದಿನ. ಎಲ್ಲರೂ ಇದ್ದಾಗ ನಾನು ಕೇಳಿದೆ, “ಅಪ್ಪಾ, ಮಣಿಪ್ರಭಾಗ ಎಷ್ಟು ಬೆರಳು?” ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನೀನು ನಗಲಿಲ್ಲ, ಅದೊಂದು ನನಗೆ ಸಮಾಧಾನ. “ಹೆಣ್ಣು ಪಾತ್ರಕ್ಕ ಹಣಿಪಟ್ಟಿ ಇರ್ತೈತಿ, ಕಿರೀಟ ಇರೂದಿಲ್ಲ” ಅಂದೆ. ಹನ್ನೆರಡು ವರ್ಷ ಆಕೆ ಮಾಡಿದ ಕೆಲಸ ಯಾವ ಲೆಕ್ಕಕ್ಕೆ ಅಂತ ನಾನು ಬಿಡಲಿಲ್ಲ. ಆಗ ನೀನು ಅಂದ ಮಾತು ಇವತ್ತಿಗೂ ಕಿವಿಯಲ್ಲಿದೆ. “ಆಕಿ ಒಬ್ಬಾಕಿನ ಮಾಡಿದ್ದು ಏನೈತಿ? ಧೈರ್ಯ ಮಾಡಿದ್ದು ಸೆರಿಯೊಳಗಿದ್ದ ಮಂದಿ. ಆಕಿ ಬರೇ ಮಾತಾಡಿದ್ಲು.” ಮೂರು ದಿನ ನಾನು ಒಂದು ಕನ್ನಡಿ ಚೂರನ್ನೂ ಹಚ್ಚಲಿಲ್ಲ. ನೀನೂ ಹಚ್ಚು ಅನ್ನಲಿಲ್ಲ. ನಡುವೆ ಅವ್ವ ಇಬ್ಬರಿಗೂ ಬೈದಳು.

ಸಿಟ್ಟು ಇಳಿಸಬೇಕೆಂದೇ ಇರಬೇಕು, ಆ ತಿಂಗಳು ನನ್ನನ್ನು ಬಸ್ಸಿನಲ್ಲಿ ಬಾದಾಮಿಗೆ ಕರೆದುಕೊಂಡು ಹೋದೆ. ಎಲ್ಲರೂ ಗುಹೆಯ ಮೂರ್ತಿಗಳಿಗೆ ಕೈ ಮುಗಿದರೆ ನೀನು ಒಂದು ಕಣ್ಣು ಮುಚ್ಚಿ, ಕೈ ಚಾಚಿ, ದೂರದಿಂದಲೇ ಕಿರೀಟಗಳನ್ನು ಬೆರಳಲ್ಲಿ ಅಳೆಯುತ್ತಿದ್ದೆ. ನನಗೂ ಒಂದು ಸಿಕ್ಕಿತು. ಹೆಣ್ಣು ಮೂರ್ತಿ, ತಲೆಯ ಮೇಲೆ ಎತ್ತರದ ಮುಡಿ, ಕಿರೀಟದಂಥದ್ದೇ. ಅಂಗಿ ಹಿಡಿದು ಎಳೆದು ತೋರಿಸಿದೆ. ನೀನು ಭಾಳ ಹೊತ್ತು ನೋಡಿದೆ. “ಅದು ಕಲ್ಲು, ಯವ್ವಾ. ಕುಣಿಯೂದಿಲ್ಲ. ಕಿರೀಟ ಅಂದ್ರ ಕುತ್ತಿಗಿ. ಹೊತ್ತಗೊಂಡು ನಮ್ಮ ಅಂಗಳ ಮೂರು ಸುತ್ತು ಹಾಕಬೇಕು, ಕೈ ಹಚ್ಚಬಾರ್ದು. ಅಂಥಾ ಮಣಿಪ್ರಭಾನ್ನ ಕರ್ಕೊಂಡು ಬಾ, ಆಮ್ಯಾಲೆ ಬೆರಳಿನ ಮಾತು.” ಮೊದಲು ನೀನು ಸಾಹಸ ಇಲ್ಲ ಅಂದಿದ್ದೆ, ಈಗ ಕುತ್ತಿಗೆ ಇಲ್ಲ ಅಂದೆ. ವಾದದಲ್ಲಿ ಸೋಲುವವರು ಹೀಗೇ ಜಾಗ ಬದಲಿಸುತ್ತಾರೆ ಅಂತ ನಾನು ವಾಪಸು ಬರುವಾಗ ಬಸ್ಸಿನಲ್ಲಿ ನಿನಗೆ ಹೇಳಿದೆ. ನೀನು ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದೆ.

ಅದಾದ ಕೆಲವು ವರ್ಷಗಳ ಮೇಲೆ, ಬಾಗಲಕೋಟೆಯ ದವಾಖಾನೆಯಲ್ಲಿ ಕೊನೆಯ ದಿನ ನಿನಗೆ ಮಾತಾಡಲು ಎಷ್ಟು ಕಷ್ಟವಾಗುತ್ತಿತ್ತು. ಆದರೂ ಮಧ್ಯಾಹ್ನ ನಾನು ಗಂಜಿ ಕುಡಿಸುವಾಗ, “ಗೌರವ್ವಾ, ಆಕಿ ಲೆಕ್ಕ ಇನ್ನೊಮ್ಮೆ ಮಾಡೂನು, ತಡಿ. ನಾ ಒಂದು ಮರ್ತಿದ್ದೆ, ಆಕಿ…” ಅಂದು ಕೆಮ್ಮಿದೆ. ಆಮೇಲೆ ಕಣ್ಣು ಮುಚ್ಚಿಕೊಂಡೆ. ಏನು ಮರೆತಿದ್ದೆ ಅಪ್ಪಾ? ಒಂದು ಮಾತು, ಇನ್ನೊಂದೇ ಒಂದು ಮಾತು ಹೇಳಿದ್ದರೆ… ಸಂಜೆ ನಿನ್ನನ್ನು ಊರಿಗೆ ತಂದೆವು. ಎಲ್ಲರೂ ನಾನು ಅಪ್ಪ ಹೋದದ್ದಕ್ಕೆ ಅಳುತ್ತಿದ್ದೇನೆ ಅಂದುಕೊಂಡರು. ಅದು ಖರೆ. ಆದರೆ ನಿನ್ನ ಮೇಲೆ ಸಿಟ್ಟೂ ಇತ್ತು, ಹೀಗೆ ಮಾತು ಅರ್ಧಕ್ಕೆ ಬಿಟ್ಟು ಎದ್ದು ಹೋಗಬಹುದಾ ಅಂತ.

ಕಳೆದ ದೀಪಾವಳಿ ಮುಗಿದ ಮೇಲೆ ಮಾಸ್ತರರು ಬಂದರು. ಇಳಕಲ್ಲಿಗೆ ವಿಡಿಯೋ ಸಿನೆಮಾ ಬಂದಿದೆಯಂತೆ, ಜನ ಅಲ್ಲಿಗೇ ಓಡುತ್ತಿದ್ದಾರಂತೆ. ಆದರೂ ಸುಗ್ಗಿಯ ಮೇಲೆ ಆಟ ಆಡೇ ಆಡುತ್ತೇವೆ ಅಂದರು. ಕಿರೀಟಗಳನ್ನು ಇಲಿ ಕಡಿದಿದ್ದವು, ದುರಸ್ತಿ ಮಾಡಿಕೊಡು ಅಂದರು. ನಾನು ಒಪ್ಪಿಕೊಂಡು ಒಂದು ಶರತ್ತು ಹಾಕಿದೆ, ಮಣಿಪ್ರಭೆಗೂ ಕಿರೀಟ ಆಗಬೇಕು. ಅವರ ಮುಖ ಗಂಟಾಯಿತು. “ನಿಮ್ಮಪ್ಪನ ಲೆಕ್ಕದ ಪ್ರಕಾರ ತೋರಿಸು, ಮಾಡೂನಂತ. ಇಲ್ಲಂದ್ರ ಈ ಕೆಲಸ ನಿನಗ್ಯಾಕ ಬೇಕು, ತಂಗಿ? ಬ್ಯಾರೆ ಊರಾಗ ಮಾಡಿಸ್ತೇವಿ” ಅಂದರು. ಅಲ್ಲಿಗೆ ಮಣಿಪ್ರಭೆಯ ಕಿರೀಟದ ಜೊತೆ ನಮ್ಮ ಪಡಸಾಲೆಯ ಕೆಲಸವೂ ಪಣಕ್ಕೆ ಬಿತ್ತು. ಒಂದು ವಾರ ಕೊಡ್ರಿ ಅಂದೆ.

ಗಿರಿಕಂಪನ ಕಿರೀಟದಿಂದ ಇಲಿ ಕಡಿದ ಬೇಗಡೆಯನ್ನು ಕೆರೆದು ತೆಗೆಯುವಾಗ ನನಗೆ ಹೊಳೆಯಿತು. ಉಳಿಯನ್ನು ಕೆಳಗಿಟ್ಟು ಗೋಡೆಯ ಮುಂದೆ ನಿಂತೆ. ಒಬ್ಬನೇ ಮಾಡಿದ ಸಾಹಸಕ್ಕೆ ಮಾತ್ರ ಬೆರಳು ಅಂದವನು ನೀನೇ. ರಾಕ್ಷಸನ ಬಲ ಎಲ್ಲಿಂದ ಬಂತು? ಮಂದಿಯ ಹೆದರಿಕೆಯಿಂದ. ಆ ಕೋಟೆ ತುಂಬಿದ ಜನ ಇಲ್ಲದಿದ್ದರೆ ಅವನು ಒಂದು ಗುಡ್ಡವನ್ನೂ ಅಲ್ಲಾಡಿಸುತ್ತಿರಲಿಲ್ಲ. ಅವನು ಒಬ್ಬನೇ ಮಾಡಿದ್ದು ಏನೂ ಇಲ್ಲ, ಎಂಟೇ ಬೆರಳು. ರಾಜನ ಬಾಣವೂ ಮಣಿಪ್ರಭೆಯಿಂದ, ಸೆರೆಯವರಿಂದ ನಾಟಿದ್ದು. ಅವನಿಗೂ ಎಂಟೇ. ಇನ್ನು ಮಣಿಪ್ರಭೆ. ಉಳಿದವರಿಗೆಲ್ಲ ಧೈರ್ಯ ಹೇಳಲು ಅವಳಿದ್ದಳು. ಆದರೆ ಮೊದಲನೆಯ ದಿನ, ಎಲ್ಲರೂ ನಡುಗುವ ಆ ಕೋಟೆಯಲ್ಲಿ, ಅವಳ ಹೆದರಿಕೆ ಬಿಡಿಸಲು ಯಾರಿದ್ದರು? ಇಡೀ ಆಟದಲ್ಲಿ ಒಬ್ಬರೇ ಮಾಡಿದ ಸಾಹಸ ಅದೊಂದೇ. ಅವಳಿಗೆ ಹತ್ತು ಬೆರಳು, ಎಲ್ಲರಿಗಿಂತ ಎರಡು ಹೆಚ್ಚು. ನಿನ್ನ ಲೆಕ್ಕದಲ್ಲೇ ನೀನು ಸೋತೆ ಅಪ್ಪಾ. ನೀನು ಮರೆತಿದ್ದೆ ಅಂದದ್ದು ಇದನ್ನೇ ಅಲ್ಲವಾ? ಹೌದೆಂದೇ ನಾನು ತಿಳಿದುಕೊಂಡಿದ್ದೇನೆ.

ಮಾಸ್ತರರು ವಾರ ಬಿಟ್ಟು ಬಂದಾಗ ಗೋಡೆಯ ಮುಂದೆ ನಿಲ್ಲಿಸಿ ಎಲ್ಲ ಹೇಳಿದೆ. ನ್ಯಾಯವಾಗಿ ರಾಕ್ಷಸನದನ್ನು ಕತ್ತರಿಸಬೇಕಿತ್ತು, ನೀನು ಕಡೆದದ್ದನ್ನು ಕತ್ತರಿಸಲು ಕೈ ಬರಲಿಲ್ಲ. ಅದಕ್ಕೇ ಅವನಿಗಿಂತ ಎರಡು ಬೆರಳು ಹೆಚ್ಚು, ಇಪ್ಪತ್ತನಾಲ್ಕು ಬೆರಳಿನದನ್ನು ಮಣಿಪ್ರಭೆಗೆ ಮಾಡುತ್ತೇನೆ ಅಂದೆ. ಮಾಸ್ತರರು ತಲೆ ಕೆರೆದುಕೊಂಡು, “ಮಾತು ಖರೆ ಐತಿ. ಆದ್ರ ಕುತ್ತಿಗಿ?” ಅಂದರು. ಅವರೂ ನಿನ್ನ ಹಾಗೆಯೇ ಜಾಗ ಬದಲಿಸಿದರು.

ಕಿರೀಟ ಮುಗಿದ ದಿನ ಮಣಿಪ್ರಭೆಯ ಪಾತ್ರದ ಶಂಕ್ರಪ್ಪ ಇಳಕಲ್ಲಿನಿಂದ ಬಂದ. ನೇಕಾರ ಮನುಷ್ಯ, ದಿನವಿಡೀ ಮಗ್ಗದ ಮೇಲೆ ಬಗ್ಗಿ ಬಗ್ಗಿ ಕುತ್ತಿಗೆ ಮುಂದಕ್ಕೇ ಬಂದಿದೆ. ಅರ್ಧ ಸುತ್ತು ಹಾಕುವುದರೊಳಗೆ ಕಿರೀಟ ಜಾರಿತು, ಅವನು ಎರಡೂ ಕೈಯಿಂದ ಹಿಡಿದುಕೊಂಡ. “ಇದು ಆಗೂದಿಲ್ಲ ಬಿಡ್ರಿ, ಹಣಿಪಟ್ಟಿನ ಕಟ್ಟಗೋತೇನಿ” ಅಂದ. ಮಾಸ್ತರರು ನನ್ನ ಕಡೆ ನೋಡಿದರು. ನಾನು ಸೆರಗು ಸಿಕ್ಕಿಸಿ, ಅದೇ ಕಿರೀಟವನ್ನು ನನ್ನ ತಲೆಯ ಮೇಲೆ ಇಟ್ಟುಕೊಂಡೆ. ಅವ್ವ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಹಿಡಿದಳು. ಒಂದು ಸುತ್ತು, ಎರಡು, ಮೂರು. ಕೈ ಹಚ್ಚಲಿಲ್ಲ. ಹತ್ತು ವರ್ಷದಿಂದ ಬಾವಿಯಿಂದ ಕೊಡದ ಮೇಲೆ ಕೊಡ ಹೊತ್ತು ತರುವ ಕುತ್ತಿಗೆ ಅಪ್ಪಾ ಇದು. ದಿನಾ ನಿನ್ನ ಕಣ್ಣ ಮುಂದೆಯೇ ಅಂಗಳ ದಾಟಿ ಹೋಗುತ್ತಿದ್ದೆ, ನೀನು ಮಾತ್ರ ಕಿರೀಟಕ್ಕೆ ಕುತ್ತಿಗೆ ಹುಡುಕುತ್ತಿದ್ದೆ.

ಆಮೇಲಿನ ಹದಿನೈದು ದಿನ ನೀನು ನೋಡಬೇಕಿತ್ತು. ಶಂಕ್ರಪ್ಪ ಮಗ್ಗಕ್ಕೆ ರಜೆ ಹಾಕಿ ನಮ್ಮಲ್ಲೇ ಉಳಿದು, ಬೆಳಿಗ್ಗೆ ಸಂಜೆ ನಮ್ಮ ಮನೆಗೆ ನೀರು ಹೊತ್ತ. ಮೊದಲೊಂದು ಕೊಡ, ಆಮೇಲೆ ಎರಡು. ಬಾವಿಯ ಹತ್ತಿರದ ಹೆಂಗಸರು, “ಬರ್ರಿ ಮಣಿಪ್ರಭಾ, ನಮ್ಮ ಮನಿಗೂ ಎರಡು ಕೊಡ ಹಾಕಿ ಹೋಗ್ರಿ” ಅಂತ ಕಾಡಿಸಿದರು. ಎರಡು ಕೊಡ ಒಡೆದ, ಅಂಗಿ ತೋಯಿಸಿಕೊಂಡ, ಆದರೆ ಬಿಡಲಿಲ್ಲ. ಹದಿನಾರನೆಯ ದಿನ ಕಿರೀಟ ಹೊತ್ತು ಮೂರು ಸುತ್ತು ಮುಗಿಸಿ, ನಾಲ್ಕನೆಯದನ್ನು ಕುಣಿಯುತ್ತ ಹಾಕಿದ.

ಹುನಗುಂದದ ಆಟದಲ್ಲಿ ಅವನು ಬೆಳಕು ಹರಿಯುವತನಕ ಕುಣಿದ, ಒಂದು ಸಲವೂ ಕೈ ಮೇಲೆ ಹೋಗಲಿಲ್ಲ. ಹೆಂಗಸರ ಕಡೆಯಿಂದ ಬಂದ ಸಿಳ್ಳೆಯನ್ನು ನಾನು ಅವತ್ತೇ ಮೊದಲು ಕೇಳಿದ್ದು. ಸಾಹುಕಾರರ ಮಗ ಹೋಗುವ ಮುಂದೆ ನನ್ನ ಹತ್ತಿರ ಬಂದು, ಮುಂದಿನ ವರ್ಷ ತನ್ನ ಲೆಕ್ಕವನ್ನೂ ಇನ್ನೊಮ್ಮೆ ನೋಡು ಅಂದ. ನೋಡುತ್ತೇನೆ, ಆದರೆ ಕಡಿಮೆಯಾದರೆ ಬೇಜಾರಾಗಬಾರದು ಅಂದೆ. ಇನ್ನು ಈ ಪಡಸಾಲೆಯ ಬಾಗಿಲು ಮುಚ್ಚುವುದಿಲ್ಲ. ನಿನ್ನ ಗೆರೆಗಳ ಮೇಲೆ ಸುಣ್ಣ ಬಳಿಯಲೂ ಬಿಡುವುದಿಲ್ಲ, ಅವ್ವನಿಗೆ ಹೇಳಿಟ್ಟಿದ್ದೇನೆ.

ಮರುದಿನ ಹುನಗುಂದದಿಂದ ಬರುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಆಟದ ಮಾತನ್ನೇ ಆಡುತ್ತಿದ್ದರು. ಮಣಿಪ್ರಭೆಯೇ ದೊಡ್ಡಾಕೆ ಅಂತ ಇಬ್ಬರದೂ ಒಂದೇ ಮಾತು. ನಾನು ಕಿಟಕಿಗೆ ತಲೆ ಕೊಟ್ಟು ಸುಖವಾಗಿ ಕೇಳುತ್ತಿದ್ದೆ. ಅಷ್ಟರಲ್ಲಿ ಅವರಲ್ಲೊಬ್ಬ ಅಂದ, “ಆ ರಾಕ್ಷಸ ಏನು ಮಾಡಿದ್ನಲೇ? ಬರೇ ಒದರಾಡಿದ. ಅವಂಗ್ಯಾಕ ಅಷ್ಟು ದೊಡ್ಡ ಕಿರೀಟ?” ನನಗೆ ಏನಾಯಿತೋ, ನೆಟ್ಟಗೆ ಕೂತು ಅವರ ಭುಜದ ಮೇಲಿಂದ ಕೇಳಿದೆ, “ಯಣ್ಣಾ, ಆಟದ ಹೆಸರು ಏನೈತಿ ಹೇಳ್ರಿ?” ಅವರು ತಿರುಗಿ ನೋಡಿದರು. ಊರು ಬರುವತನಕ ನಾನು ಗಿರಿಕಂಪನ ಪರ ವಾದ ಮಾಡಿದೆ, ನಿನ್ನ ಒಂದೊಂದು ಮಾತನ್ನೂ ಬಿಡದೆ. ಆ ಬಸ್ಸಿನಲ್ಲಿ ನಿನ್ನ ಕಡೆ ಬೇರೆ ಯಾರೂ ಇರಲಿಲ್ಲ ಅಪ್ಪಾ.

ನಿನ್ನ ಮಗಳು
ಗೌರವ್ವ